ಗೇನ್ ಇಳಿಸಿ, ಮಿಡ್ ಏರಿಸಿ: ಮೆಟಲ್ ಗಿಟಾರಿನ ದನಿ ಕಟ್ಟುವ ಬಗೆ

ಹೊಸದಾಗಿ ಎಲೆಕ್ಟ್ರಿಕ್ ಗಿಟಾರ್ ಕೊಂಡ ಹುಡುಗನ ಆಂಪ್ ನೋಡಿದರೆ ಸಾಕು, ಅವನಿಗೆ ಯಾವ ಸಂಗೀತದ ಹುಚ್ಚು ಎಂದು ಹೇಳಿಬಿಡಬಹುದು. ಗೇನ್ ಹತ್ತು, ಬೇಸ್ ಹತ್ತು, ಟ್ರೆಬಲ್ ಹತ್ತು, ಮಿಡ್ ಸೊನ್ನೆ. ಬಾಗಿಲು ಹಾಕಿಕೊಂಡು ಒಬ್ಬನೇ ನುಡಿಸುವಾಗ ಅದು ಗುಡುಗಿದಂತೆಯೇ ಇರುತ್ತದೆ. ಪಕ್ಕದ ಮನೆಯ ಕಾಕಾ ಬಂದು "ಏನ್ ತಮ್ಮಾ, ಗಿರಣಿ ಚಾಲೂ ಮಾಡೀಯೇನು?" ಅಂದರೆ ಅದನ್ನೂ ಹೊಗಳಿಕೆಯೆಂದೇ ತಿಳಿಯಬಹುದು. ಆದರೆ ಡ್ರಮ್ಸ್ ಶುರುವಾಗಿ ಬೇಸ್ ಗಿಟಾರ್ ಜೊತೆಗೂಡಿದ ಕೂಡಲೇ ಈ ಗುಡುಗು ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ರಿಫ್ ಕೇಳುವುದಿಲ್ಲ, ಬರೀ ಸೊಯ್ಯೆಂಬ ಸದ್ದು. ಆಗ ಬರುವ ಮಾತು ಒಂದೇ: "ಅಣ್ಣಾ, ಈ ಆಂಪ್‌ನ್ಯಾಗ ಮೆಟಲ್ ಬರಂಗಿಲ್ರಿ, ಹೊಸಾದು ತಗೋಬೇಕು."

ತಗೋಬೇಕಾಗಿಲ್ಲ. ಕಲಬುರಗಿಯ ಅಂಚಿಗೆ, ಕೆಎಸ್‌ಆರ್‌ಪಿ ಪಡೆಯ ನೆಲೆ ಇರುವ ತಾಜಸುಲ್ತಾನಪುರದಂಥ ಊರಿನಲ್ಲಿ ಕೂತು ಮೆಟಲ್ ನುಡಿಸುವವರಿಗೆ ಆಂಪ್‌ಗಳನ್ನು ಹೋಲಿಸಿ ಕೊಳ್ಳುವ ಅನುಕೂಲ ಹೇಗೂ ಕಡಿಮೆ. ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿ ದೇವರ ಮೇಲೆ ಭಾರ ಹಾಕಬೇಕು. ಅದಕ್ಕೆ ಮೊದಲು ಇರುವ ಆಂಪ್‌ನಿಂದ ಏನೇನು ತೆಗೆಯಬಹುದು ಎಂದು ನೋಡುವುದು ಜಾಣತನ. ಐವತ್ತು ವರ್ಷಗಳ ಮೆಟಲ್ ದನಿಯ ಹಿಂದೆ ಒಂದು ಸಣ್ಣ ತಂತ್ರ ಮತ್ತೆ ಮತ್ತೆ ಬರುತ್ತದೆ: ಡಿಸ್ಟಾರ್ಷನ್‌ಗೆ ಮೊದಲು ಬೇಸ್ ಕಡಿ, ಬೇಕಿದ್ದರೆ ಆಮೇಲೆ ಸೇರಿಸು. ಹಳೆಯ ದನಿಗೂ ಹೊಸ ದನಿಗೂ ಇರುವ ವ್ಯತ್ಯಾಸದ ಬಹುಪಾಲು, ಎಷ್ಟು ಕಡಿದರು, ಎಲ್ಲಿ ಸೇರಿಸಿದರು ಎಂಬುದರಲ್ಲೇ ಇದೆ.

ಆಂಪ್‌ನ ಒಳಗಿನ ದಾರಿ

ಗಿಟಾರಿನ ಪಿಕಪ್‌ನಿಂದ ಬರುವ ಸಣ್ಣ ಸಿಗ್ನಲ್ ಮೊದಲು ಪ್ರೀಆಂಪ್‌ಗೆ ಹೋಗುತ್ತದೆ. ಗೇನ್ ನಾಬ್ ಇರುವುದು ಇಲ್ಲಿ; ಸಿಗ್ನಲ್ಲನ್ನು ಮಿತಿ ಮೀರಿ ಹಿಗ್ಗಿಸಿದಾಗ ಅಲೆಯ ನೆತ್ತಿ ಚಪ್ಪಟೆಯಾಗಿ ಡಿಸ್ಟಾರ್ಷನ್ ಹುಟ್ಟುತ್ತದೆ. ಬಳಿಕ ಬೇಸ್, ಮಿಡ್, ಟ್ರೆಬಲ್ ನಾಬ್‌ಗಳ ಸರ್ಕ್ಯೂಟ್, ಆಮೇಲೆ ಪವರ್ ಆಂಪ್, ಕೊನೆಗೆ ಸ್ಪೀಕರ್. ಬಹಳಷ್ಟು ಮಾರ್ಷಲ್ ಮಾದರಿಯ ಆಂಪ್‌ಗಳಲ್ಲಿ ಕ್ರಮ ಇದೇ. ಅಂದರೆ ನೀವು ತಿರುಗಿಸುವ ಬೇಸ್ ನಾಬ್ ಕೆಲಸ ಮಾಡುವುದು ಡಿಸ್ಟಾರ್ಷನ್ ಆದ ಮೇಲೆ. ಒಳಗೆ ಹೋಗುವಾಗಲೇ ಮಂದ್ರ ಜಾಸ್ತಿ ಇದ್ದರೆ ಅದು ಡಿಸ್ಟಾರ್ಷನ್‌ನಲ್ಲಿ ಕದಡಿ ರಾಡಿಯಾಗಿರುತ್ತದೆ. ಜೋಳದ ಹಿಟ್ಟಿಗೆ ನೀರು ಹೆಚ್ಚಾದ ಮೇಲೆ ರೊಟ್ಟಿ ಬಡಿಯಲು ಕೂತಂತೆ, ಆಮೇಲೆ ಬೇಸ್ ನಾಬ್ ಎಷ್ಟು ಇಳಿಸಿದರೂ ರಿಫ್ ಬಿಡಿಬಿಡಿಯಾಗಿ ಕೇಳುವುದಿಲ್ಲ.

ಇನ್ನೊಂದು ಸಂಗತಿ. ಈ ಮೂರು ನಾಬ್‌ಗಳು ಒಂದನ್ನೊಂದು ಎಳೆದಾಡುತ್ತವೆ. ಟ್ರೆಬಲ್ ಏರಿಸಿದರೆ ಮಿಡ್ ನಾಬ್‌ನ ಹಿಡಿತ ಕಡಿಮೆಯಾಗುತ್ತದೆ. ಮೂರನ್ನೂ ಐದಕ್ಕೆ ಇಟ್ಟರೆ ಸಮತಟ್ಟಾದ ದನಿ ಬರುತ್ತದೆ ಎಂಬ ನಂಬಿಕೆ ಸುಳ್ಳು. ಆ ಸ್ಥಾನದಲ್ಲೂ ಈ ಸರ್ಕ್ಯೂಟ್ ಮಿಡ್ ಭಾಗವನ್ನು ತಗ್ಗಿಸಿಯೇ ಇರುತ್ತದೆ. ಆದ್ದರಿಂದ ಮಿಡ್ ಏಳಕ್ಕೋ ಎಂಟಕ್ಕೋ ಬಂದರೆ ಹೆದರಬೇಡಿ.

ಬರ್ಮಿಂಗ್‌ಹ್ಯಾಮ್‌ನಿಂದ ಬಂದ ದನಿ

ಹಳೆಯ ಮೆಟಲ್ ಎಂದರೆ ಬ್ಲ್ಯಾಕ್ ಸಬ್ಬತ್‌ನಿಂದಲೇ ಶುರು ಮಾಡಬೇಕು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಮುಂದೆ ಆ ತಂಡದ ಗಿಟಾರಿಸ್ಟ್ ಆದ ಟೋನಿ ಅಯೋಮಿ ಹದಿನೇಳರ ಹರೆಯದಲ್ಲಿ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ. ಆತ ಎಡಚ, ತಂತಿ ಒತ್ತಬೇಕಾದ ಕೈಯೇ ಬಲಗೈ. ಬೆರಳಿಗೆ ಪ್ಲಾಸ್ಟಿಕ್ ಟೋಪಿ ಮಾಡಿಕೊಂಡು, ತೆಳ್ಳನೆಯ ತಂತಿ ಹಾಕಿಕೊಂಡು ನುಡಿಸತೊಡಗಿದ. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮ್ಮಿನ ಹೊತ್ತಿಗೆ ಗಿಟಾರನ್ನು ಮೂರು ಸೆಮಿಟೋನ್ ಕೆಳಗೆ ಇಳಿಸಿ ಶ್ರುತಿ ಮಾಡಿದ. ಇಂದಿನ ಡೌನ್ ಟ್ಯೂನಿಂಗ್‌ಗೆ ಬೇರು ಅಲ್ಲಿದೆ.

ಅವನ ಲೇನಿ ಆಂಪ್‌ನ ಮುಂದೆ ಇದ್ದದ್ದು ಡಲ್ಲಾಸ್ ರೇಂಜ್‌ಮಾಸ್ಟರ್ ಎಂಬ ಟ್ರೆಬಲ್ ಬೂಸ್ಟರ್ ಡಬ್ಬಿ. ಒಂದೇ ಜರ್ಮೇನಿಯಂ ಟ್ರಾನ್ಸಿಸ್ಟರ್, ಒಂದೇ ನಾಬ್. ಅದು ಮಾಡುತ್ತಿದ್ದದ್ದು ಮಂದ್ರವನ್ನು ಬಿಟ್ಟು ಮೇಲಿನ ಭಾಗವನ್ನಷ್ಟೇ ಜೋರಾಗಿ ಆಂಪ್‌ಗೆ ತಳ್ಳುವುದು. ಭೂಮಿ ನಡುಗಿಸಿತು ಎಂದು ನಾವು ಹೊಗಳುವ ಆ ದನಿ ಹುಟ್ಟಿದ್ದೇ ಬೇಸ್ ಕಡಿದು! ಆ ಭಾರ ಬಂದದ್ದು ತಂಡದ ಗೀಜರ್ ಬಟ್ಲರ್‌ನ ಬೇಸ್ ಗಿಟಾರಿನಿಂದ. ತಂಡದ ಮೊದಲ ಆಲ್ಬಮ್ ಒಂದೇ ದಿನದಲ್ಲಿ ರೆಕಾರ್ಡ್ ಆಗಿ 1970ರ ಫೆಬ್ರುವರಿಯಲ್ಲಿ ಹೊರಬಂತು. ಹೆಡ್‌ಫೋನ್ ಹಾಕಿಕೊಂಡು ಗಿಟಾರನ್ನಷ್ಟೇ ಹಿಂಬಾಲಿಸಿ ಕೇಳಿ. ಗೇನ್ ಎಷ್ಟು ಕಡಿಮೆ ಇದೆ ಎಂದು ಬೆರಗಾಗುತ್ತದೆ.

ಈ ದಾರಿಯ ಮುಂದಿನ ಮೈಲಿಗಲ್ಲು ಮಾರ್ಷಲ್. ಫೆಂಡರ್ ಬೇಸ್‌ಮ್ಯಾನ್ ಸರ್ಕ್ಯೂಟಿನಿಂದ 1960ರ ದಶಕದ ಮೊದಲಲ್ಲಿ ಹುಟ್ಟಿದ ಜೆಟಿಎಂ45ರಿಂದ ಹಿಡಿದು 1981ರ ಜೆಸಿಎಂ800ರವರೆಗೆ ಅದರ ಗುಣ ಒಂದೇ: ಮುಂದೆ ನುಗ್ಗುವ ಮಿಡ್. ಬ್ರಿಟನ್ನಿನ ಎಂಬತ್ತರ ದಶಕದ ಹೆವಿ ಮೆಟಲ್, ಜೂಡಾಸ್ ಪ್ರೀಸ್ಟ್, ಐರನ್ ಮೇಡನ್, ಎಲ್ಲರ ದನಿಯೂ ಈ ಮನೆಯದೇ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗ ಅಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೇದಿಕೆಯ ಮೇಲೆ ಮೂವರು ಗಿಟಾರಿಸ್ಟರು, ಆದರೂ ಒಬ್ಬೊಬ್ಬರ ಎಳೆ ಬೇರೆಬೇರೆಯಾಗಿ ಕೇಳಬೇಕು. ಮೂವರೂ ಮಿಡ್ ಸೊನ್ನೆಗೆ ಇಟ್ಟಿದ್ದರೆ ಅದು ಆಗುವ ಮಾತಲ್ಲ.

ನಮ್ಮದೇ ರಾಜ್ಯದ ಉದಾಹರಣೆ ಬೇಕೆಂದರೆ ಕ್ರಿಪ್ಟೋಸ್ ಕೇಳಿ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ತಂಡ ಜರ್ಮನಿಯ ವಾಕನ್ ಉತ್ಸವದವರೆಗೆ ಹೋಗಿ ಬಂದಿದೆ. 2016ರ 'ಬರ್ನ್ ಅಪ್ ದ ನೈಟ್', 2019ರ 'ಆಫ್ಟರ್‌ಬರ್ನರ್' ಆಲ್ಬಮ್‌ಗಳಲ್ಲಿ ಎಂಬತ್ತರ ದಶಕದ ದನಿಯನ್ನು ಬೇಕೆಂದೇ ಹಿಡಿದಿದ್ದಾರೆ. ಎರಡು ಗಿಟಾರುಗಳು ಒಟ್ಟಿಗೆ ಸ್ವರ ಸೇರಿಸಿ ಏರುವ ಕಡೆ ಕಿವಿಗೊಡಿ. ಸಬ್ಬತ್‌ನ ನಿಧಾನಗತಿ ಇಷ್ಟಪಡುವವರಿಗೆ ಅದೇ ಬೆಂಗಳೂರಿನ ಬೇವರ್ ಸೀ ಇದೆ. ಹೆಸರು ಕೇಳಿ ನಕ್ಕರೂ ದನಿ ಕೇಳಿ ಗಂಭೀರರಾಗುತ್ತೀರಿ.

ಇನ್ನು ನಾಬ್‌ಗಳ ಲೆಕ್ಕ. ಮಾರ್ಷಲ್ ಮಾದರಿಯ ಯಾವುದೇ ಆಂಪ್ ಅಥವಾ ಮಾಡೆಲಿಂಗ್ ಆಂಪ್‌ನ ಕ್ರಂಚ್ ಚಾನೆಲ್ ಇದ್ದರೆ ಗೇನ್ ಆರು, ಬೇಸ್ ನಾಲ್ಕು, ಮಿಡ್ ಏಳೂವರೆ, ಟ್ರೆಬಲ್ ಆರು, ಪ್ರೆಸೆನ್ಸ್ (ತೀರ ಮೇಲಿನ ದನಿಯ ನಾಬ್) ಐದು. ಇದು ಮೇಡನ್, ಪ್ರೀಸ್ಟ್ ಕಡೆಗೆ. ಸಬ್ಬತ್ ಕಡೆಗೆ ಹೋಗಬೇಕೆಂದರೆ ಗೇನ್ ಐದಕ್ಕಿಳಿಸಿ, ಪ್ರೆಸೆನ್ಸ್ ಮೂರಕ್ಕೆ ತಂದು, ಮುಂದೆ ಒಂದು ಟ್ರೆಬಲ್ ಬೂಸ್ಟರ್ ಇಡಿ. ಬೂಸ್ಟರ್ ಇಲ್ಲವೇ? ಯಾವುದಾದರೂ ಈಕ್ವಲೈಜರ್ ಪೆಡಲ್‌ನಲ್ಲಿ 100, 200 ಹರ್ಟ್ಜ್ ಸ್ಲೈಡರ್ ಇಳಿಸಿ, 1.6 ಕಿಲೋಹರ್ಟ್ಜ್‌ನಿಂದ ಮೇಲಿನವನ್ನು ಸ್ವಲ್ಪ ಎತ್ತಿ, ಲೆವೆಲ್ ಹೆಚ್ಚಿಸಿ ಆಂಪ್‌ಗೆ ಕೊಡಿ. ಕೆಲಸ ಅದೇ. ಗಿಟಾರಿನ ವಾಲ್ಯೂಮ್ ನಾಬ್ ಏಳಕ್ಕೆ ಇಳಿಸಿದರೆ ದನಿ ತಿಳಿಯಾಗಬೇಕು, ಹತ್ತಕ್ಕೆ ಏರಿಸಿದರೆ ಡಿಸ್ಟಾರ್ಟ್ ಆಗಬೇಕು. ಎರಡೂ ಒಂದೇ ಥರ ಕೇಳಿದರೆ ಗೇನ್ ಇನ್ನೂ ಜಾಸ್ತಿ ಇದೆ ಎಂದೇ ಅರ್ಥ.

ಬಿಗಿ ಮಾಡಿದವರು

ಎಂಬತ್ತರ ದಶಕದ ನಡುವೆ ವೇಗ ಹೆಚ್ಚಿತು. ಥ್ರ್ಯಾಶ್ ರಿಫ್‌ಗಳಲ್ಲಿ ಬಲಗೈ ಹೊಲಿಗೆ ಯಂತ್ರದ ವೇಗಕ್ಕೆ ಬಂದಾಗ ಹಳೆಯ ಆಂಪ್‌ನ ಸಡಿಲ ಮಂದ್ರ ಸಾಲದಾಯಿತು. ಮೆಟಾಲಿಕಾದ 1986ರ 'ಮಾಸ್ಟರ್ ಆಫ್ ಪಪೆಟ್ಸ್' ಹಿಂದೆ ಇದ್ದದ್ದು ಮೆಸಾ ಬೂಗಿ ಮಾರ್ಕ್ ಟೂ ಸಿ ಪ್ಲಸ್. ಈ ಆಂಪ್‌ನ ಜಾಣ್ಮೆ ನಮಗೆ ಪಾಠ. ಇಲ್ಲಿ ಬೇಸ್, ಮಿಡ್, ಟ್ರೆಬಲ್ ನಾಬ್‌ಗಳು ಮುಖ್ಯ ಡಿಸ್ಟಾರ್ಷನ್‌ಗಿಂತ ಮೊದಲೇ ಬರುತ್ತವೆ. ಬಲ್ಲವರು ಬೇಸ್ ನಾಬ್ಬನ್ನು ಒಂದಕ್ಕೋ ಎರಡಕ್ಕೋ ಇಳಿಸಿ ಒಳಗೆ ಹೋಗುವ ಮಂದ್ರವನ್ನು ಕಡಿಯುತ್ತಾರೆ. ಡಿಸ್ಟಾರ್ಷನ್ ಆದ ಮೇಲೆ ಐದು ಸ್ಲೈಡರ್‌ಗಳ ಈಕ್ವಲೈಜರ್ ಇದೆ: 80, 240, 750, 2200, 6600 ಹರ್ಟ್ಜ್. ಅಲ್ಲಿ 80 ಎತ್ತಿ, 750 ತಗ್ಗಿಸಿ, 6600 ಎತ್ತುತ್ತಾರೆ. ಸ್ಲೈಡರ್‌ಗಳ ಸಾಲು ಇಂಗ್ಲಿಷಿನ ವಿ ಅಕ್ಷರದಂತೆ ಕಾಣುತ್ತದೆ.

ಮಿಡ್ ಸೊನ್ನೆ ಎಂಬ ಪಿಡುಗು ಹುಟ್ಟಿದ್ದು ಈ ಚಿತ್ರ ನೋಡಿಯೇ ಇರಬೇಕು. ವಿ ಕಂಡರು, ಅದರ ಹಿಂದೆ ಮೊದಲೇ ಕಡಿದಿಟ್ಟ ಬೇಸ್ ಕಾಣಲಿಲ್ಲ. ಅದೂ ಅಲ್ಲದೆ ಸ್ಟುಡಿಯೋದಲ್ಲಿ ಅದೇ ರಿಫ್ಫನ್ನು ಮತ್ತೆ ಮತ್ತೆ ನುಡಿಸಿ ಪದರ ಪದರವಾಗಿ ಕೂರಿಸಿರುತ್ತಾರೆ. ನಿಮ್ಮ ಒಂದೇ ಗಿಟಾರಿಗೆ ಆ ವಿಯ ತಗ್ಗು ತಾಳುವುದಿಲ್ಲ. 2011ರ ಅಕ್ಟೋಬರ್ 30ರಂದು ಅದೇ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಾಗ ಕರ್ನಾಟಕದ ಎಷ್ಟೋ ಊರುಗಳಿಂದ ಹುಡುಗರು ರೈಲು ಹತ್ತಿ ಬಂದರು. ವಾಪಸ್ ಹೋದವರಲ್ಲಿ ಎಷ್ಟು ಮಂದಿ ತಮ್ಮ ಆಂಪ್‌ನ ಮಿಡ್ ಇನ್ನಷ್ಟು ಇಳಿಸಿದರೋ ಕಾಣೆ!

ತೊಂಬತ್ತರ ದಶಕದಲ್ಲಿ ಗೇನ್‌ಗೆ ಬರವಿಲ್ಲದ ಆಂಪ್‌ಗಳು ಬಂದವು. ಎಡ್ಡಿ ವ್ಯಾನ್ ಹೇಲನ್‌ಗಾಗಿ ಪೀವಿ ಕಂಪನಿ 1992ರಲ್ಲಿ ತಂದ 5150 ಮುಂದೆ 6505 ಎಂಬ ಹೆಸರಿನಲ್ಲಿ ಮೆಟಲ್ ಸ್ಟುಡಿಯೋಗಳ ಮನೆಮಾತಾಯಿತು. ಮೆಸಾದ ಡ್ಯುಯಲ್ ರೆಕ್ಟಿಫೈಯರ್ ಅದರ ಸಮಕಾಲೀನ. ಅದರ ಮಂದ್ರ ದಪ್ಪ, ಸ್ವಲ್ಪ ಸಡಿಲ. ಇವಕ್ಕೆ ಜೊತೆಯಾದದ್ದು ಹಸಿರು ಬಣ್ಣದ ಒಂದು ಹಳೆಯ ಪೆಡಲ್, ಐಬನೆಜ್ ಟ್ಯೂಬ್ ಸ್ಕ್ರೀಮರ್. ಬ್ಲೂಸ್ ನುಡಿಸುವವರು ಅದನ್ನು ಡಿಸ್ಟಾರ್ಷನ್‌ಗೆಂದು ಕೊಂಡರೆ, ಮೆಟಲ್‌ನವರು ಡ್ರೈವ್ ಸೊನ್ನೆಗೆ, ಲೆವೆಲ್ ಹತ್ತಕ್ಕೆ ಇಟ್ಟು ಆಂಪ್‌ನ ಮುಂದೆ ಕಟ್ಟಿದರು. ಆ ಪೆಡಲ್‌ನ ಸರ್ಕ್ಯೂಟ್ ಸುಮಾರು 700 ಹರ್ಟ್ಜ್‌ಗಿಂತ ಕೆಳಗಿನದನ್ನು ಹಂತಹಂತವಾಗಿ ಸೊರಗಿಸಿ ಮಿಡ್ಡನ್ನು ಮುಂದೆ ತಳ್ಳುತ್ತದೆ. ಅಯೋಮಿಯ ರೇಂಜ್‌ಮಾಸ್ಟರ್ ಮಾಡಿದ್ದೂ ಇದೇ ಅಲ್ಲವೇ? ಡಬ್ಬಿ ಬದಲಾಯಿತು, ಕೆಲಸ ಬದಲಾಗಲಿಲ್ಲ. ಈ ಪೆಡಲ್‌ನ ನಕಲುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಸಣ್ಣ ಆಂಪ್ ಇರುವವರು ಹೊಸ ಆಂಪ್‌ಗೆ ಕೂಡಿಟ್ಟ ದುಡ್ಡಿನಲ್ಲಿ ಮೊದಲು ಇದೊಂದನ್ನು ಕೊಂಡು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸ ದನಿಗೆ ಶುರುಮಾಡುವ ಜಾಗ ಹೀಗಿರಲಿ. ಟ್ಯೂಬ್ ಸ್ಕ್ರೀಮರ್ ಡ್ರೈವ್ ಸೊನ್ನೆ, ಟೋನ್ ಐದು, ಲೆವೆಲ್ ಹತ್ತು. ಆಂಪ್‌ನ ಹೈ ಗೇನ್ ಚಾನೆಲ್‌ನಲ್ಲಿ ಗೇನ್ ನಾಲ್ಕರಿಂದ ಐದು, ಬೇಸ್ ನಾಲ್ಕು, ಮಿಡ್ ಐದು, ಟ್ರೆಬಲ್ ಆರು, ಪ್ರೆಸೆನ್ಸ್ ಆರು. ರೆಸೊನೆನ್ಸ್ ಅಥವಾ ಡೆಪ್ತ್ ಎಂಬ ನಾಬ್ ಇದ್ದರೆ ಕಳೆದುಹೋದ ಮಂದ್ರವನ್ನು ಅಲ್ಲಿಂದ ತುಂಬಿಕೊಳ್ಳಿ. ಅದು ಪವರ್ ಆಂಪ್‌ನಲ್ಲಿರುವುದರಿಂದ ರಾಡಿಯಾಗುವುದಿಲ್ಲ. ಈಗ ದಪ್ಪ ತಂತಿಯ ಮೇಲೆ ಪಾಮ್ ಮ್ಯೂಟ್ ಮಾಡಿ, ಅಂದರೆ ಬಲಗೈಯ ಅಂಚನ್ನು ತಂತಿಗೆ ತಾಗಿಸಿ, ಒಂದು ಬೀಟ್‌ಗೆ ನಾಲ್ಕು ಪೆಟ್ಟಿನಂತೆ ಹೊಡೆಯಿರಿ. ಪ್ರತಿ ಪೆಟ್ಟೂ ಬೇರೆಯಾಗಿ ಎದ್ದು ತಕ್ಷಣ ನಿಲ್ಲಬೇಕು. ಪೆಟ್ಟಿನ ಹಿಂದೆ 'ಊಂ' ಎಂಬ ಬಾಲ ಉಳಿದರೆ ಬೇಸ್ ಇನ್ನೂ ಒಂದು ಇಳಿಸಿ. ಪಿಕ್ಕಿನ 'ಟಿಕ್' ಕೇಳದಿದ್ದರೆ ಗೇನ್ ಇಳಿಸಿ, ಟ್ರೆಬಲ್ ಮುಟ್ಟಬೇಡಿ. ನಾಯ್ಸ್ ಗೇಟ್ ಹಾಕುವುದಾದರೆ ಕೊನೆಗೆ ಹಾಕಿ, ಗೇನ್ ನಿಶ್ಚಯವಾದ ಮೇಲೆ. ಗೇಟ್ ಮೊದಲೇ ಇಟ್ಟುಕೊಂಡರೆ ಹೆಚ್ಚಾದ ಗೇನ್‌ನ ಸೊಯ್ಯೆಂಬ ಸದ್ದು ಕೇಳಿಸುವುದೇ ಇಲ್ಲ.

ವಾಲ್ವ್ ಇಲ್ಲದ ಆಂಪ್ ಎಂದು ಕೊರಗುವವರಿಗೆ ಒಂದು ಹೆಸರು ಸಾಕು: ಡೈಮ್‌ಬ್ಯಾಗ್ ಡ್ಯಾರೆಲ್. ಪ್ಯಾಂಟೆರಾದ 'ಕೌಬಾಯ್ಸ್ ಫ್ರಮ್ ಹೆಲ್' ಕಾಲದಲ್ಲಿ ಆತ ನುಡಿಸಿದ್ದು ರ‍್ಯಾಂಡಲ್ ಕಂಪನಿಯ ಸಾಲಿಡ್ ಸ್ಟೇಟ್ ಆಂಪ್. ಆತನ ದನಿಯ ಗರಗಸದಂಥ ಅಂಚು ಟ್ರಾನ್ಸಿಸ್ಟರ್‌ನದೇ ಕೊಡುಗೆ. ಸ್ವೀಡನ್ನಿನ ಎಂಟೂಂಬ್ಡ್ 1990ರ 'ಲೆಫ್ಟ್ ಹ್ಯಾಂಡ್ ಪಾತ್'ನಲ್ಲಿ ಬಾಸ್ ಎಚ್‌ಎಂ-2 ಎಂಬ ಪೆಡಲ್‌ನ ನಾಬ್‌ಗಳನ್ನು ಕೊನೆಯವರೆಗೆ ತಿರುಗಿಸಿ ಒಂದು ಹೊಸ ಪಂಥವನ್ನೇ ಹುಟ್ಟಿಸಿತು. ಹತ್ತಕ್ಕೆ ಏರಿಸುವ ಹುಡುಗರಿಗೆ ಇದು ಆಸರೆಯ ಮಾತು. ಆದರೆ ಆ ಪೆಡಲ್ ಮಿಡ್ಡನ್ನು ಎತ್ತುತ್ತದೆ, ಇಳಿಸುವುದಿಲ್ಲ ಎಂಬುದನ್ನು ಮರೆಯಬಾರದು.

ಶಹಾಬಾದ್ ಹಾಸುಗಲ್ಲಿನ ಕೋಣೆ

ಇಷ್ಟೆಲ್ಲ ಮಾಡಿಯೂ ಮನೆಯಲ್ಲಿ ದನಿ ಕಿವಿ ಕೊರೆಯುತ್ತಿದ್ದರೆ ಕೆಳಗೆ ನೋಡಿ. ನಮ್ಮ ಕಡೆ ಮನೆಗಳ ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆ ಸಿಮೆಂಟಿನದು ಇಲ್ಲವೇ ಕಲ್ಲಿನದು, ಮೇಲೆ ಆರ್‌ಸಿಸಿ. ಬೇಸಿಗೆಯಲ್ಲಿ ಬರಿಗಾಲಿಗೆ ತಂಪು, ಗಿಟಾರಿಗೆ ಮಾತ್ರ ಶತ್ರು. ನುಣುಪಾದ ಕಲ್ಲು ಸದ್ದನ್ನು ಹೀರುವುದೇ ಇಲ್ಲ; ಬಂದದ್ದನ್ನೆಲ್ಲ ವಾಪಸ್ ಕಳಿಸುತ್ತದೆ. ಖಾಲಿ ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. 'ಟರ್‌ರ್' ಎಂದು ಲೋಹದ ನಡುಕ ಕೇಳಿದರೆ ಎರಡು ಗೋಡೆಗಳ ನಡುವೆ ಸದ್ದು ಓಡಾಡುತ್ತಿದೆ ಎಂದು ತಿಳಿಯಿರಿ. ಅದೇ ನಡುಕ ನಿಮ್ಮ ಗಿಟಾರಿನ ಎರಡು ಮೂರು ಕಿಲೋಹರ್ಟ್ಜ್ ಭಾಗಕ್ಕೂ ಅಂಟಿಕೊಳ್ಳುತ್ತದೆ. ನೀವು ಆಂಪ್‌ನ ಟ್ರೆಬಲ್ ಬೈದುಕೊಳ್ಳುತ್ತೀರಿ.

ಸ್ಟುಡಿಯೋ ಫೋಮ್ ಕೊಳ್ಳುವ ಮೊದಲು ಮನೆಯ ಟ್ರಂಕ್ ತೆರೆಯಿರಿ. ಅಜ್ಜಿ ಹೊಲಿದ ದಪ್ಪ ಕೌದಿ ಇದ್ದೇ ಇರುತ್ತದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ಮೇಲುದನಿಯನ್ನು ಚೆನ್ನಾಗಿಯೇ ಹೀರುತ್ತದೆ. ಆಂಪ್‌ನ ಎದುರು ಗೋಡೆಗೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗುಹಾಕಿ. ಹಿಂದೆ ಗಾಳಿ ಇದ್ದಷ್ಟೂ ಒಳ್ಳೆಯದು. ಆಂಪ್ ಮತ್ತು ನಿಮ್ಮ ನಡುವಿನ ನೆಲಕ್ಕೆ ಜಮಖಾನ, ಮೂಲೆಯಲ್ಲಿ ಹತ್ತಿ ಗಾದಿ ಸುರುಳಿ. ಮತ್ತೆ ಚಪ್ಪಾಳೆ ತಟ್ಟಿ ನೋಡಿ. ಮಂದ್ರಕ್ಕೆ ಕೌದಿಯಿಂದ ಏನೂ ಆಗುವುದಿಲ್ಲ. ಅದಕ್ಕೆ ಉಪಾಯ ಬೇರೆ: ಆಂಪ್ಪನ್ನು ಮೂಲೆಯಿಂದ ಹೊರಗೆಳೆಯಿರಿ. ಎರಡು ಗೋಡೆ ಕೂಡುವ ಜಾಗದಲ್ಲಿಟ್ಟ ಆಂಪ್ ಇಲ್ಲದ ಮಂದ್ರವನ್ನೂ ತೋರಿಸುತ್ತದೆ.

ಆಂಪ್ ನೆಲದ ಮೇಲಿದೆ, ನೀವು ನಿಂತಿದ್ದೀರಿ. ಹನ್ನೆರಡು ಇಂಚಿನ ಸ್ಪೀಕರ್‌ನ ಟ್ರೆಬಲ್ ನೇರ ಮುಂದಕ್ಕೆ ಹೋಗುತ್ತದೆ, ಅಂದರೆ ನಿಮ್ಮ ಮೊಣಕಾಲಿಗೆ. ಕಿವಿಗೆ ಮಂಕಾಗಿ ಕೇಳಿದ್ದರಿಂದ ನೀವು ಟ್ರೆಬಲ್ ಏರಿಸುತ್ತೀರಿ. ಎದುರಿಗೆ ಕೂತ ಗೆಳೆಯ ಕಿವಿ ಮುಚ್ಚಿಕೊಳ್ಳುತ್ತಾನೆ. ಆಂಪ್ಪನ್ನು ಸ್ಟೂಲಿನ ಮೇಲಿಟ್ಟು ಸ್ಪೀಕರ್ ಕಿವಿಯ ಕಡೆ ವಾಲಿಸಿ, ಆಮೇಲೆ ನಾಬ್ ಮುಟ್ಟಿ.

ಸಣ್ಣ ದನಿಯಲ್ಲಿ ಕೂಡಿಸಿದ ಟೋನ್ ಜೋರು ಮಾಡಿದಾಗ ಕೆಡುವುದಕ್ಕೂ ಕಾರಣವಿದೆ. 1933ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ತೋರಿಸಿದಂತೆ, ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ಮಂದ್ರವೂ ತೀರ ಮೇಲಿನ ದನಿಯೂ ಮಂಕಾಗಿ ಕೇಳುತ್ತವೆ. ರಾತ್ರಿ ಮನೆಮಂದಿ ಮಲಗಿದ ಮೇಲೆ ಮೆಲ್ಲಗೆ ನುಡಿಸಿ ಬೇಸ್, ಟ್ರೆಬಲ್ ಏರಿಸಿಟ್ಟದ್ದನ್ನೇ ತಂಡದ ಜೊತೆ ಜೋರಾಗಿ ಹಾಕಿದರೆ ಎರಡೂ ಅತಿಯಾಗುತ್ತವೆ, ಮಿಡ್ ಕಾಣೆಯಾಗುತ್ತದೆ. ಮನೆಗೆ ಒಂದು, ತಂಡಕ್ಕೆ ಒಂದು, ಹೀಗೆ ಎರಡು ಸೆಟ್ಟಿಂಗ್ ಇಟ್ಟುಕೊಳ್ಳುವುದೇ ಸರಿ. ಇನ್ನು ವ್ಯಾಟ್ ಲೆಕ್ಕದ ಬಗ್ಗೆ: ನೂರು ವ್ಯಾಟ್ ಆಂಪ್ ಐವತ್ತರದ್ದಕ್ಕಿಂತ ಬರೀ ಮೂರು ಡೆಸಿಬೆಲ್ ಜೋರು. ಕಿವಿಗೆ ಎರಡು ಪಟ್ಟು ಅನ್ನಿಸಬೇಕೆಂದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಮನೆಗೆ ದೊಡ್ಡದು ಬೇಡ.

ಕರೆಂಟು, ಬಿಸಿಲು

ಹಮ್ಮಿಂಗ್ ಬಂದರೆ ಮೊದಲು ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಂಗ್ ನಿಜಕ್ಕೂ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಹಮ್ ಹೋಗಲೆಂದು ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ಅದು ಸಾವಿಗೆ ಬಾಗಿಲು ತೆರೆದಂತೆ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾದರೆ ಸುತ್ತಲಿನ ವೈರಿಂಗ್‌ನ ಹಾವಳಿ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಬಲ್ಬ್ ಆರಿಸಿ ನೋಡಿ, ಗಿಟಾರ್ ಹಿಡಿದು ನಿಂತಲ್ಲೇ ಕಾಲುಭಾಗ ತಿರುಗಿ ನೋಡಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನುಡಿಸುವಾಗ ಸದ್ದು ಝುಯ್ಯೆಂದು ಬದಲಾದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್. ಅದರ ಮೇಲೆ ವಾಲ್ವ್ ಆಂಪ್ ಓಡಿಸಲೇಬೇಡಿ. ಪ್ಯೂರ್ ಸೈನ್ ವೇವ್ ಇದ್ದರೆ ಚಿಂತೆಯಿಲ್ಲ.

ವಿದೇಶದಿಂದ ತಂದ 120 ವೋಲ್ಟಿನ ಆಂಪ್ಪನ್ನು ನಮ್ಮ 230ಕ್ಕೆ ನೇರವಾಗಿ ಹಾಕಿದರೆ ಹೊಗೆಯೇ ಗತಿ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ವಾಲ್ವ್ ಆಂಪ್ಪನ್ನು ಸ್ಪೀಕರ್ ಜೋಡಿಸದೆ ಆನ್ ಮಾಡಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಹಿಂದಿನ ತಗಡು ಬಿಚ್ಚುವ ಉತ್ಸಾಹ ಬೇಡ: ಒಳಗೆ 400 ವೋಲ್ಟಿಗೂ ಮೀರಿದ ವಿದ್ಯುತ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ.

ನಲವತ್ತು ಡಿಗ್ರಿ ದಾಟುವ ಏಪ್ರಿಲ್, ಮೇನಲ್ಲಿ ಆಂಪ್‌ನ ಹಿಂಬದಿಗೆ ಗಾಳಿ ಆಡಲು ಒಂದಡಿ ಜಾಗ ಬಿಡಿ. ಕಮಲಾಪುರಕ್ಕೋ ಹುಮನಾಬಾದಿಗೋ ಕಾರ್ಯಕ್ರಮಕ್ಕೆ ಹೋಗುವಾಗ ಗಿಟಾರನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಊಟಕ್ಕೆ ಕೂರಬೇಡಿ. ಅಂಟು ಸಡಿಲಾಗಿ ನೆಕ್ ಬಾಗಬಹುದು.

ತಂತಿ, ಕೈ, ಲ್ಯಾಪ್‌ಟಾಪ್

ಸಾಮಾನ್ಯ ಶ್ರುತಿಯಲ್ಲಿ ದಪ್ಪ ತಂತಿ 82 ಹರ್ಟ್ಜ್. ಡ್ರಾಪ್ ಡಿ ಮಾಡಿದರೆ 73, ಡ್ರಾಪ್ ಸಿ ಮಾಡಿದರೆ 65. ಒಂಬತ್ತರ ತೆಳು ತಂತಿ ಸೆಟ್ ಹಾಕಿಕೊಂಡು ಡ್ರಾಪ್ ಸಿಗೆ ಇಳಿಸಿದರೆ ತಂತಿ ಬಟ್ಟೆ ಒಣಗಿಸುವ ಹಗ್ಗದಂತೆ ಜೋಲುತ್ತದೆ, ಪಿಕ್ ತಾಗಿದ ಕ್ಷಣ ಶ್ರುತಿ ಏರಿ ಮತ್ತೆ ಇಳಿಯುತ್ತದೆ. ಡ್ರಾಪ್ ಸಿಗೆ ಕನಿಷ್ಠ ಹತ್ತರಿಂದ ಐವತ್ತೆರಡರ ಸೆಟ್, ಆಗುವುದಾದರೆ ಹನ್ನೊಂದರದ್ದು ಹಾಕಿ. ದಪ್ಪ ಪಿಕ್ ಹಿಡಿಯಿರಿ.

ಪಾಮ್ ಮ್ಯೂಟ್ ಮಾಡುವಾಗ ಬಲಗೈಯ ಅಂಚನ್ನು ಬ್ರಿಡ್ಜ್‌ನ ಮೇಲೆಯೇ, ತಂತಿ ಸ್ಯಾಡಲ್‌ನಿಂದ ಹೊರಡುವ ಗೆರೆಯ ಮೇಲಿಡಿ. ಕೂದಲೆಳೆಯಷ್ಟು ಮುಂದೆ ಸರಿಸಿ: ದನಿ ಒಣಗಿ 'ಟಕ್ ಟಕ್' ಆಗುತ್ತದೆ. ಹಿಂದೆ ಸರಿಸಿ: ತಂತಿ ತೆರೆದುಕೊಂಡು ಗುಂಯ್‌ಗುಡುತ್ತದೆ. ಇವೆರಡರ ನಡುವೆ, ಸ್ವರವೂ ಕೇಳಿ ಪೆಟ್ಟೂ ಕೇಳುವ ಒಂದು ಜಾಗವಿದೆ. ಆಂಪ್‌ನ ಯಾವ ನಾಬೂ ಇಷ್ಟು ವ್ಯತ್ಯಾಸ ಮಾಡಲಾರದು. ಹಳೆಯ ಮೆಟಲ್‌ಗೆ ಕೈ ಸ್ವಲ್ಪ ಸಡಿಲ, ಹೊಸದಕ್ಕೆ ಬಿಗಿ.

ಆಂಪ್ ಇಲ್ಲದೆ ಲ್ಯಾಪ್‌ಟಾಪ್‌ನಲ್ಲೇ ನುಡಿಸುವವರು ಈಗ ಹೆಚ್ಚು. ಒಂದು ಆಡಿಯೋ ಇಂಟರ್‌ಫೇಸ್, ಪುಕ್ಕಟೆ ಸಿಗುವ ನ್ಯೂರಲ್ ಆಂಪ್ ಮಾಡೆಲರ್, ಒಂದು ಒಳ್ಳೆಯ ಕ್ಯಾಬಿನೆಟ್ ಇಂಪಲ್ಸ್ ರೆಸ್ಪಾನ್ಸ್ ಫೈಲ್, ಇಷ್ಟಿದ್ದರೆ 5150 ಆಗಲಿ ಜೆಸಿಎಂ800 ಆಗಲಿ ಮೇಜಿನ ಮೇಲೇ ಇರುತ್ತದೆ. ಸುಮ್ಮನೆ ಆಂಪ್ ಫೈಲ್ ಬದಲಾಯಿಸುತ್ತ ರಾತ್ರಿ ಕಳೆಯಬೇಡಿ. ಟೋನ್ ಹೆಚ್ಚು ಬದಲಾಗುವುದು ಕ್ಯಾಬಿನೆಟ್ ಫೈಲ್‌ನಿಂದ. ಸೆಲೆಶನ್ ಗ್ರೀನ್‌ಬ್ಯಾಕ್ ಸ್ಪೀಕರ್‌ನ ಫೈಲ್ ಹಾಕಿದರೆ ಎಪ್ಪತ್ತರ ಉಣ್ಣೆಯಂಥ ಮೃದು ದನಿ, ವಿಂಟೇಜ್ 30 ಹಾಕಿದರೆ ಮೇಲಿನ ಮಿಡ್ ಕೊರೆದು ಬರುವ ಇಂದಿನ ದನಿ. ಹೆಸರು ವಿಂಟೇಜ್, ಬಳಸುವವರು ಮಾಡರ್ನ್ ಮೆಟಲ್‌ನವರು, ಇರಲಿ. ಬಫರ್ 128 ಸ್ಯಾಂಪಲ್‌ಗೆ ಇಡಿ, ವಿಂಡೋಸ್‌ನಲ್ಲಿ ಆಸಿಯೋ ಡ್ರೈವರ್ ಬಳಸಿ; ಇಲ್ಲದಿದ್ದರೆ ಪಿಕ್ ಹೊಡೆದ ಮೇಲೆ ಸದ್ದು ತಡವಾಗಿ ಬರುತ್ತದೆ. ಝಿಯ್ಯೆಂಬ ಸದ್ದಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ.

ಪೆಂಡಾಲಿನಲ್ಲಿ ನುಡಿಸುವಾಗ

ಕಾಲೇಜು ಗ್ಯಾದರಿಂಗ್ ಇರಲಿ, ಗಣೇಶೋತ್ಸವದ ಪೆಂಡಾಲಿರಲಿ, ಮೈಕ್‌ಸೆಟ್‌ನವರ ಮಿಕ್ಸರ್‌ಗೆ ಡಿಸ್ಟಾರ್ಷನ್ ಪೆಡಲ್ಲನ್ನು ನೇರ ಚುಚ್ಚಿದರೆ ಜೇನುಹುಳ ಎದ್ದ ಸದ್ದೇ ಬರುತ್ತದೆ. ಗಿಟಾರ್ ಸ್ಪೀಕರ್ ಐದು ಕಿಲೋಹರ್ಟ್ಜ್‌ನ ಮೇಲೆ ತಾನಾಗಿಯೇ ಸದ್ದು ಇಳಿಸುತ್ತದೆ. ಮೈಕ್‌ಸೆಟ್‌ನ ಸ್ಪೀಕರ್ ಎಲ್ಲವನ್ನೂ ಹೊರಹಾಕುತ್ತದೆ. ಒಂದೋ ಆಂಪ್ ಮುಂದೆ ಮೈಕ್ ಇಡಿಸಿ, ಇಲ್ಲವೇ ಕ್ಯಾಬಿನೆಟ್ ಸಿಮ್ಯುಲೇಷನ್ ಇರುವ ಪೆಡಲ್ ಬಳಸಿ. ಶೂರ್ ಎಸ್‌ಎಂ57 ಸಿಕ್ಕರೆ ಪುಣ್ಯ, ಹಾಡಲು ಬಳಸುವ ಡೈನಾಮಿಕ್ ಮೈಕ್ ಆದರೂ ನಡೆಯುತ್ತದೆ. ಸ್ಪೀಕರ್‌ನ ನಡುವಿನ ಟೊಪ್ಪಿಗೆಯ ಅಂಚು ಕೋನ್‌ಗೆ ಕೂಡುವ ಜಾಗಕ್ಕೆ ಗುರಿಯಿಡಿ. ನಡುವಿಗೆ ಸರಿದರೆ ಚುಚ್ಚುತ್ತದೆ, ಅಂಚಿಗೆ ಸರಿದರೆ ಮಂಕಾಗುತ್ತದೆ. ಒಂದು ಬೆರಳಗಲ ಸರಿಸುವುದು ಟ್ರೆಬಲ್ ನಾಬ್ಬನ್ನು ಎರಡು ಅಂಕಿ ತಿರುಗಿಸಿದ್ದಕ್ಕೆ ಸಮ. ಮಿಕ್ಸರ್ ಮುಂದೆ ಕೂತ ಅಣ್ಣನಿಗೆ "ಗಿಟಾರಿಂದು ನೂರರ ಕೆಳಗ ಕಟ್ ಮಾಡ್ರಿ, ಅದು ಬೇಸ್ ಗಿಟಾರಿನವಂಗ ಬಿಡ್ರಿ" ಎಂದು ಮೊದಲೇ ಹೇಳಿ. ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಜ್‌ನಲ್ಲಿರುತ್ತದೆ, ಆ ನೆಲ ಅವನದೇ.

ಇಬ್ಬರು ಗಿಟಾರಿಸ್ಟರಿದ್ದರೆ ಇಬ್ಬರೂ ಒಂದೇ ಸೆಟ್ಟಿಂಗ್ ಇಡಬೇಡಿ. ಒಬ್ಬರು ಮಾರ್ಷಲ್ ಕಡೆ, ಮಿಡ್ ಎಂಟು. ಇನ್ನೊಬ್ಬರು ಸ್ವಲ್ಪ ಮೆಸಾ ಕಡೆ, ಮಿಡ್ ಐದು. ಸೋಲೋ ಬಂದಾಗ ಗೇನ್ ಏರಿಸುವುದಲ್ಲ, ವಾಲ್ಯೂಮ್ ಮತ್ತು ಮಿಡ್ ಎತ್ತುವ ಒಂದು ಬೂಸ್ಟ್ ಸಾಕು.

ಕೊನೆಯದಾಗಿ, ಹಾಡುತ್ತ ನುಡಿಸುವವರಿಗೆ. ನಿಮ್ಮ ಆಂಪ್ ಒಂದು ಬೋರ್ಡಿನಿಂದ, ಮೈಕ್‌ಸೆಟ್ ಇನ್ನೊಂದು ಬೋರ್ಡಿನಿಂದ ಕರೆಂಟ್ ಪಡೆದಿದ್ದು, ಒಂದರ ಅರ್ಥಿಂಗ್ ಸರಿಯಿಲ್ಲದಿದ್ದರೆ ಗಿಟಾರ್ ತಂತಿಗೂ ಮೈಕಿನ ಜಾಲರಿಗೂ ನಡುವೆ ವೋಲ್ಟೇಜ್ ಇರಬಹುದು. ಸೌಂಡ್ ಚೆಕ್‌ಗೆ ಮೊದಲು ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಜಾಲರಿಗೆ ತಾಗಿಸಿ ನೋಡಿ. ಸೊನ್ನೆಯ ಹತ್ತಿರ ತೋರಿಸಿದರೆ ಹಾಡಿ. ಹತ್ತಾರು ವೋಲ್ಟ್ ತೋರಿಸಿದರೆ ಎರಡನ್ನೂ ಒಂದೇ ಅರ್ಥಿಂಗ್ ಸರಿಯಿರುವ ಬೋರ್ಡಿಗೆ ಹಾಕಿಸುವವರೆಗೆ ತುಟಿ ಮೈಕಿನಿಂದ ದೂರವಿರಲಿ, ಸಂಘಟಕರು ಎಷ್ಟೇ ಅವಸರ ಮಾಡಲಿ.